ಬಿರುದಾಂಕಿತ ಒಂಟೆಯ ಪುಷ್ಕರ ಯಾತ್ರೆ

ಸರ್ಕಾರಕ್ಕೆ ಯಾವುದಾದರೂ ಪ್ರಾಣಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತೆಂದರೆ ಆ ಪ್ರಾಣಿ ತುಸು ಎಚ್ಚರದಿಂದಿರುವುದು ಒಳ್ಳೆಯದು. 2014ರಲ್ಲಿ ರಾಜಸ್ಥಾನ ಸರ್ಕಾರಕ್ಕೆ ಒಂಟೆಯ ಮೇಲೆ ಇಂಥದೇ ಪ್ರೀತಿ ಉಕ್ಕಿತು. ರಾಜ್ಯಪ್ರಾಣಿಯ ಪಟ್ಟದಲ್ಲಿ ಚಿಂಕಾರ ಆಗಲೇ ಕುಳಿತಿದ್ದುದರಿಂದ, ಸಾಕುಪ್ರಾಣಿಗಳ ಕೋಟಾದಲ್ಲಿ ಒಂಟೆಗೂ ಅದೇ ಬಿರುದನ್ನು ದಯಪಾಲಿಸಲಾಯಿತು. ಮರುವರ್ಷ ಬಂದ ಕಾಯ್ದೆಯು ಒಂಟೆಯ ವಧೆಯನ್ನು ನಿಷೇಧಿಸಿದ್ದಲ್ಲದೆ, ಅದು ರಾಜ್ಯದ ಗಡಿ ದಾಟಬೇಕಾದರೆ ಅಧಿಕಾರಿಗಳ ಅನುಮತಿ ಪಡೆಯಬೇಕೆಂದು ವಿಧಿಸಿತು. ಇಷ್ಟೆಲ್ಲ ಗೌರವಕ್ಕೆ ಪಾತ್ರವಾದ ಮೇಲೂ ಒಂಟೆಗಳು ಕೃತಜ್ಞತೆ ತೋರಲಿಲ್ಲ. 2012ರ ಜಾನುವಾರು ಗಣತಿಯಲ್ಲಿ ಮೂರು ಲಕ್ಷ ದಾಟಿದ್ದ ಅವುಗಳ ಸಂಖ್ಯೆ 2019ರ ಗಣತಿಯ ಹೊತ್ತಿಗೆ ಸುಮಾರು 2.13 ಲಕ್ಷಕ್ಕೆ ಇಳಿದಿತ್ತು.

ಈ ಸನ್ಮಾನದ ಫಲವನ್ನು ಕಣ್ಣಾರೆ ಕಾಣಬೇಕೆನ್ನುವವರು ಕಾರ್ತಿಕ ಮಾಸದಲ್ಲಿ ಅಜ್ಮೇರ್ ಜಿಲ್ಲೆಯ ಪುಷ್ಕರಕ್ಕೆ ಹೋಗಬೇಕು. ಅಲ್ಲಿ ಬ್ರಹ್ಮನ ದೇವಾಲಯವಿದೆ, 52 ಘಟ್ಟಗಳ ಸರೋವರವಿದೆ, ಹುಣ್ಣಿಮೆಯ ಪುಣ್ಯಸ್ನಾನಕ್ಕೆ ಸೇರುವ ಜನಸಾಗರವಿದೆ. ಇವುಗಳ ಜೊತೆಗೇ ಬೆಳೆದುಬಂದ ದನದ ಜಾತ್ರೆಗೆ ರಾಯಿಕಾ ಸಮುದಾಯದ ಒಂಟೆಗಾರರು ತಮ್ಮ ಹಿಂಡುಗಳನ್ನು ದಿನಗಟ್ಟಲೆ ನಡೆಸಿಕೊಂಡು ಬರುತ್ತಾರೆ. ಪಾರ್ವತಿಯ ಒಂಟೆಯನ್ನು ನೋಡಿಕೊಳ್ಳಲೆಂದೇ ಶಿವನು ತಮ್ಮ ಮೂಲಪುರುಷನನ್ನು ಸೃಷ್ಟಿಸಿದನೆಂದು ನಂಬುವ ಈ ಜನ ಹಿಂದೆ ಗಂಡು ಒಂಟೆಗಳನ್ನು ಮಾತ್ರ ಮಾರುತ್ತಿದ್ದರು. ಹೆಣ್ಣು ಒಂಟೆಯನ್ನು ಸಂತೆಗೆ ಹೊಡೆಯುವುದೆಂದರೆ ವಂಶವನ್ನೇ ಮಾರಾಟಕ್ಕಿಟ್ಟಂತೆ. ಈಗ ಅವೂ ಬರುತ್ತಿವೆ. ಟ್ರ್ಯಾಕ್ಟರು, ಜೀಪುಗಳು ಒಂಟೆಯ ಕೆಲಸವನ್ನು ಕಸಿದುಕೊಂಡವು, ಗೋಮಾಳಗಳು ಕರಗಿದವು ಎಂಬುದು ನಿಜ. ಆ ದೋಷವನ್ನೆಲ್ಲ ಕಾಯ್ದೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಉಳಿದಿದ್ದ ನಾಲ್ಕು ಗಿರಾಕಿಗಳೂ ಗಡಿಯಾಚೆಗೇ ನಿಂತುಬಿಟ್ಟ ಕೀರ್ತಿಯನ್ನು ಮಾತ್ರ ಅದರಿಂದ ಯಾರೂ ಕಸಿಯಲಾರರು.

ಹಿಂದೆ ಒಂಟೆಯ ಬಳಿ ಬಂದವನು ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸಿ ಕಾಲು ಪರೀಕ್ಷಿಸುತ್ತಿದ್ದ, ಆಮೇಲೆ ಬೆಲೆ ಎತ್ತುತ್ತಿದ್ದ. ಈಗ ಬರುವವರು ಹಲ್ಲನ್ನು ಕೇಳುವುದಿಲ್ಲ; ಸೂರ್ಯ ಎತ್ತ ಮುಳುಗುತ್ತಾನೆಂದು ಕೇಳುತ್ತಾರೆ. ಕೆಂಪು ಮುಂಡಾಸಿನ ಮುದುಕನೊಬ್ಬ ಒಂಟೆಯ ಮೂಗುದಾರ ಹಿಡಿದು ಮರಳದಿಬ್ಬವನ್ನು ಹತ್ತಿಳಿದರೆ, ಮೊಳದುದ್ದದ ಲೆನ್ಸುಗಳ ಹಿಂದಿನಿಂದ ‘ಇನ್ನೊಂದು ಸಲ, ಸ್ವಲ್ಪ ಧೂಳೆಬ್ಬಿಸಿಕೊಂಡು’ ಎಂಬ ಅಪ್ಪಣೆ ಬರುತ್ತದೆ. ಒಂಟೆ ಮಾರಿ ಹೋಗಬೇಕಾದವನು ಅದನ್ನು ತೋರಿಸಿ ಸಿಕ್ಕ ಬಿಡಿಗಾಸಿನಲ್ಲಿ ಮೇವು ಕೊಳ್ಳುತ್ತಾನೆ.

ಆಡಳಿತದ ಉತ್ಸಾಹಕ್ಕೇನೂ ಕೊರತೆಯಿಲ್ಲ. ಮೀಸೆ ಸ್ಪರ್ಧೆಯಿದೆ, ಪರದೇಶಿಯರಿಗೂ ಊರವರಿಗೂ ಹಗ್ಗಜಗ್ಗಾಟವಿದೆ, ಆಕಾಶದಲ್ಲಿ ಬಿಸಿಗಾಳಿಯ ಬಲೂನುಗಳಿವೆ, ಒಂಟೆಗೆ ಗೆಜ್ಜೆ ಕಟ್ಟಿ ಕುಣಿಸುವ ಸ್ಪರ್ಧೆಯೂ ಇದೆ. ಹರಿಯಾಣದಿಂದ ಬಂದ ಅನ್ಮೋಲ್ ಎಂಬ ಕೋಣದ ಬೆಲೆ 23 ಕೋಟಿ ರೂಪಾಯಿ ಎಂಬ ಸುದ್ದಿ ದೇಶವನ್ನೆಲ್ಲ ಸುತ್ತಿತು. ಮಾರಾಟಕ್ಕಿಲ್ಲದ ಕೋಣಕ್ಕೆ ಕೋಟಿಗಳ ಬೆಲೆ, ಮಾರಾಟಕ್ಕೆಂದೇ ನಿಂತ ಒಂಟೆಗೆ ಕೆಲವು ಸಾವಿರ: ಅರ್ಥಶಾಸ್ತ್ರದ ಪಂಡಿತರು ಈ ಮೈದಾನದಲ್ಲಿ ಒಂದು ದಿನ ಕಳೆಯುವುದು ಉಚಿತ. ಇನ್ನು ಧ್ವಜಾರೋಹಣ ಮಾಡಿ ಜಾತ್ರೆಯನ್ನು ವಿಧ್ಯುಕ್ತವಾಗಿ ಉದ್ಘಾಟಿಸುವ ಹೊತ್ತಿಗೆ ವ್ಯಾಪಾರಿಗಳಲ್ಲಿ ಬಹಳಷ್ಟು ಮಂದಿ ಗುಡಾರ ಕಿತ್ತು ಹೊರಡುವ ಸನ್ನಾಹದಲ್ಲಿರುತ್ತಾರೆ.

ಪರಿಹಾರವೇ ಇಲ್ಲವೆನ್ನುವಂತಿಲ್ಲ. ಮರಿ ಹುಟ್ಟಿದರೆ ಮೂರು ಕಂತುಗಳಲ್ಲಿ 10,000 ರೂಪಾಯಿ ಕೊಡುವ ಯೋಜನೆ 2016ರಲ್ಲೇ ಬಂದಿತು. ಬೆಳೆದ ಮರಿಯನ್ನು ಯಾರು ಕೊಳ್ಳಬೇಕೆಂಬುದಕ್ಕೆ ಮಾತ್ರ ಅದರಲ್ಲಿ ಕಂತು ಇರಲಿಲ್ಲ. 2024ನ್ನು ವಿಶ್ವಸಂಸ್ಥೆಯು ಒಂಟೆ ಕುಲದ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು; ಆ ವರ್ಷವೂ ಪುಷ್ಕರದಲ್ಲಿ ಒಂಟೆಗಳಿಗಿಂತ ಕುದುರೆಗಳೇ ಹೆಚ್ಚಾಗಿದ್ದವು.

ಆದ್ದರಿಂದ ಪ್ರವಾಸೋದ್ಯಮ ಇಲಾಖೆಗೆ ನನ್ನದೊಂದು ವಿನಮ್ರ ಸಲಹೆ. ಮುಂದಿನ ಕಾರ್ತಿಕಕ್ಕೆ ಕೆಲವು ಸಾವಿರ ಫೈಬರ್ ಒಂಟೆಗಳನ್ನು ಮಾಡಿಸಿ ದಿಬ್ಬಗಳ ಮೇಲೆ ಸಾಲಾಗಿ ನಿಲ್ಲಿಸಲಿ. ಅವಕ್ಕೆ ಮೇವು ಬೇಡ, ಗೋಮಾಳ ಬೇಡ, ರಾಯಿಕಾಗಳೂ ಬೇಡ. ಗಣತಿಯಲ್ಲಿ ಇಳಿಯುವ ದುರ್ಬುದ್ಧಿ ಅವಕ್ಕಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅವುಗಳನ್ನು ಲಾರಿಗೆ ಹೇರಿ ಯಾವ ರಾಜ್ಯದಲ್ಲಿ ಬೇಕಾದರೂ ಮಾರಬಹುದು. 2015ರ ಕಾಯ್ದೆಯಲ್ಲಿ ಇದಕ್ಕೆ ಅಡ್ಡಿಯಿಲ್ಲ.