ಗೊಂಬೆ ಮನೆಗೊಂದು ಕಸದ ಬುಟ್ಟಿ

ಒಂದು ವರ್ಷದಿಂದ ನಮ್ಮ ಮನೆಯ ಊಟದ ಮೇಜಿನ ಅರ್ಧ ಭಾಗ ನನ್ನ ಗೊಂಬೆ ಮನೆಯದ್ದು. ಉಳಿದ ಅರ್ಧದಲ್ಲಿ ಮನೆಯವರು ಊಟ ಮಾಡುತ್ತಾರೆ, ಅದೂ ಗೊಣಗಿಕೊಂಡು. ಈ ವಯಸ್ಸಿನಲ್ಲಿ ಗೊಂಬೆ ಆಟವಾ ಅಂತ ಕೇಳುವವರೆಲ್ಲ ಕೇಳಿ ಮುಗಿಸಿದ್ದಾರೆ. ಹೌದು, ಈ ವಯಸ್ಸಿನಲ್ಲೇ. ಚಿಕ್ಕವಳಿದ್ದಾಗ ಇಷ್ಟು ತಾಳ್ಮೆ ಎಲ್ಲಿತ್ತು?

ಇವತ್ತು ಇದನ್ನು ಬರೆಯಲು ಕೂತಿದ್ದಕ್ಕೆ ಒಂದು ಸಣ್ಣ ಜಗಳ ಕಾರಣ. ಗೆಳತಿಯೊಬ್ಬಳು ತನ್ನ ಹೊಸ ಗೊಂಬೆ ಮನೆಯ ಫೋಟೋ ಕಳಿಸಿದ್ದಳು. ಪೂರ್ತಿ ಸೆಟ್ ಕೊಂಡಿದ್ದು. ಸೋಫಾ, ಟೀಪಾಯಿ, ಕರ್ಟನ್, ಮಂಚ, ದಿಂಬು, ಎಲ್ಲಾ ಒಂದೇ ತಿಳಿಗುಲಾಬಿ. "ಹೇಗಿದೆ ಹೇಳೇ" ಅಂದಳು. ನನ್ನ ಬಾಯಿ ಸುಮ್ನಿರಬೇಕಲ್ಲ. "ಚೆನ್ನಾಗಿದೆ ಕಣೇ, ಬಾಡಿಗೆಗೆ ಯಾರೂ ಬಂದಿಲ್ಲ ಅನ್ಸುತ್ತೆ" ಅಂದುಬಿಟ್ಟೆ. ಎರಡು ದಿನ ಮಾತು ಬಿಟ್ಟಿದ್ದಳು.

ಹೇಳಿದ ರೀತಿ ತಪ್ಪು, ಒಪ್ಪಿಕೊಂಡಿದ್ದೇನೆ. ಹೇಳಿದ ಮಾತು ಮಾತ್ರ ವಾಪಸ್ ತಗೊಳ್ಳಲ್ಲ. ಎಲ್ಲಾ ಸಾಮಾನೂ ಒಂದೇ ಡಬ್ಬಿಯಿಂದ ಬಂದರೆ ಅದು ಶೋರೂಮ್. ಜನ ಇರುವ ಮನೆಯಲ್ಲಿ ಒಂದು ಕುರ್ಚಿ ಯಾವುದೋ ಕಾಲದ್ದು, ಇನ್ನೊಂದು ಕುರ್ಚಿ ಯಾರೋ ಬೇಡ ಅಂತ ಕೊಟ್ಟಿದ್ದು. ಕರ್ಟನ್ ಒಂದು ಕಡೆ ಸ್ವಲ್ಪ ಗಿಡ್ಡ. ಗೋಡೆಯಲ್ಲಿ ಯಾವುದೋ ಹಳೆಯ ಮೊಳೆ, ಅದರಲ್ಲಿ ಏನೂ ತೂಗಿಲ್ಲ. ಇದೆಲ್ಲ ಅಂಗಡಿಯಲ್ಲಿ ಸಿಗಲ್ಲ. ಆದರೆ ಇದನ್ನು ಮಾಡಿಕೊಳ್ಳಲು ಬೇಕಾದ ಕಚ್ಚಾ ಸಾಮಾನು ಅಗ್ಗದ ಅಂಗಡಿಯಲ್ಲಿ ಬುಟ್ಟಿ ಬುಟ್ಟಿ ಸಿಗುತ್ತೆ.

ಯಾವುದು ತಗೊಂಡರೂ ಒಂದೇ ರೇಟು ಅನ್ನುವ ಅಂಗಡಿಗಳು ಇರುತ್ತವಲ್ಲ, ಅಲ್ಲಿಗೆ ನಾನು ಹೋದರೆ ಮನೆಯವರು ಹೊರಗೇ ನಿಲ್ಲುತ್ತಾರೆ. ಅಲ್ಲಿ ಆಟದ ಸಾಮಾನಿನ ಸಾಲಿಗೆ ಮೊದಲು ಹೋಗಬೇಡಿ. ಅಲ್ಲಿರುವ ಪುಟಾಣಿ ಪ್ಲಾಸ್ಟಿಕ್ ಕುರ್ಚಿ, ಮೇಜು ಹೆಚ್ಚಿನವು ಯಾವ ಅಳತೆಗೂ ಸೇರದವು. ಹೊಲಿಗೆ ಸಾಮಾನು, ಕಿವಿಯೋಲೆ, ಸ್ಟೇಷನರಿ, ಪಾತ್ರೆ ಉಜ್ಜುವ ಸಾಮಾನು, ಗಿಫ್ಟ್ ಪ್ಯಾಕಿಂಗ್, ಈ ಕಡೆ ಹೋಗಿ. ಕೋಟಿನ ಗುಂಡಿ ಒಂದು ಊಟದ ತಟ್ಟೆ. ದೊಡ್ಡ ಮಣಿಯೊಂದು ಹೂದಾನಿ. ಹಸಿರು ಸ್ಕ್ರಬ್ಬರ್ ಕತ್ತರಿಸಿದರೆ ಬಾಗಿಲ ಮುಂದಿನ ಮ್ಯಾಟ್. ಜೋಲುವ ಓಲೆ ತಲೆಕೆಳಗು ಮಾಡಿದರೆ ದೀಪದ ಕಂಬ. ವೆಲ್ವೆಟ್ ರಿಬ್ಬನ್ ಮೆಟ್ಟಿಲ ಮೇಲಿನ ಕಾರ್ಪೆಟ್. ಯಾವುದನ್ನು ಯಾವ ಕೆಲಸಕ್ಕೆ ಅಂತ ಮಾರುತ್ತಾರೋ ಅದನ್ನು ಮರೆತು, ಬರೀ ಆಕಾರ ನೋಡಬೇಕು. ಇದು ಅಭ್ಯಾಸ ಆಗಿಬಿಟ್ಟರೆ ಕಷ್ಟವೂ ಇದೆ. ಒಂದು ಮದುವೆಯಲ್ಲಿ ಎದುರಿಗೆ ಕೂತವರ ಓಲೆಯನ್ನೇ ನೋಡುತ್ತಾ ಕೂತುಬಿಟ್ಟೆ, ಅವರು ಸೆರಗಿನಿಂದ ಕಿವಿ ಮುಚ್ಚಿಕೊಂಡರು.

ಅಗ್ಗದ್ದು ಅಗ್ಗವಾಗೇ ಕಾಣಲ್ವಾ ಅಂತ ಕೇಳುತ್ತೀರಿ. ಕಾಣುತ್ತೆ. ಆದರೆ ಕಾಣುವುದು ಬೆಲೆ ಅಲ್ಲ. ದಪ್ಪ ಕಾಣುತ್ತೆ, ಹೊಳಪು ಕಾಣುತ್ತೆ.

ದಪ್ಪದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. ಗೊಂಬೆ ಮನೆಗಳಲ್ಲಿ ಜಾಸ್ತಿ ಬಳಕೆಯಲ್ಲಿರುವ ಅಳತೆ 1:12. ಅಂದರೆ ನಿಜದಲ್ಲಿ ಒಂದು ಅಡಿ ಇದ್ದದ್ದು ಇಲ್ಲಿ ಒಂದು ಇಂಚು. 75 ಸೆಂ.ಮೀ. ಎತ್ತರದ ಮೇಜು ಆರೂ ಕಾಲು ಸೆಂ.ಮೀ. ಆಗುತ್ತದೆ. 25 ಸೆಂ.ಮೀ. ಅಗಲದ ತಟ್ಟೆ ಎರಡು ಸೆಂ.ಮೀ. ಆಗುತ್ತದೆ, ಅದಕ್ಕೇ ಕೋಟಿನ ಗುಂಡಿ ಅಂದಿದ್ದು. ಇಷ್ಟನ್ನು ಎಲ್ಲರೂ ಸರಿಯಾಗಿ ಲೆಕ್ಕ ಹಾಕುತ್ತಾರೆ. ಎತ್ತರ, ಅಗಲ ಸರಿ ಇರುತ್ತೆ. ಆಮೇಲೆ ಕುರ್ಚಿಯನ್ನು 4 ಮಿ.ಮೀ. ಹಲಗೆಯಲ್ಲಿ ಮಾಡಿಬಿಡುತ್ತಾರೆ. 4ನ್ನು 12ರಿಂದ ಗುಣಿಸಿ ನೋಡಿ. ಹೆಚ್ಚು ಕಡಿಮೆ ಐದು ಸೆಂ.ಮೀ. ದಪ್ಪದ ಹಲಗೆಯ ಕುರ್ಚಿ! ಅದನ್ನು ಎಳೆದು ಕೂರಲು ಇಬ್ಬರು ಬೇಕು. ಕಣ್ಣಿಗೆ ಈ ಲೆಕ್ಕ ಗೊತ್ತಾಗಲ್ಲ, ಆದರೆ ಏನೋ ಸರಿ ಇಲ್ಲ ಅಂತ ಗೊತ್ತಾಗಿಬಿಡುತ್ತೆ. ಅದಕ್ಕೆ ನಾನು ಐಸ್‌ಕ್ರೀಮ್ ಕಡ್ಡಿಯನ್ನೂ ಉಪ್ಪುಕಾಗದದಲ್ಲಿ ತೇಯ್ದು ತೆಳು ಮಾಡಿಯೇ ಬಳಸುತ್ತೇನೆ. ಬೆರಳ ತುದಿಯೂ ತೇಯುತ್ತೆ, ಅದು ಬೇರೆ ಮಾತು.

ಬಟ್ಟೆಗೂ ಇದೇ ಲೆಕ್ಕ. ಮೂರು ಸೆಂ.ಮೀ. ಹೂವಿನ ಪ್ರಿಂಟ್ ಇರುವ ಬಟ್ಟೆಯನ್ನು ಪುಟ್ಟ ಸೋಫಾಗೆ ಹೊದಿಸಿದರೆ, ಅಲ್ಲಿ ಕೂತವರ ಬೆನ್ನ ಹಿಂದೆ ಒಂದಡಿ ಮೀರಿದ ಹೂವು ಅರಳಿರುತ್ತೆ. ಕರ್ಟನ್ನಿನದು ಇನ್ನೊಂದು ತಕರಾರು. ಬಟ್ಟೆಯ ದಪ್ಪ ದೊಡ್ಡ ಮನೆಯದ್ದೇ, ತುಂಡು ಮಾತ್ರ ಚಿಕ್ಕದು. ಕೆಳಗೆ ಎಳೆಯಲು ಭಾರವೇ ಇಲ್ಲ. ಹಾಗಾಗಿ ಅದು ಇಳಿಬೀಳುವುದಿಲ್ಲ, ಮಗುವಿನ ಫ್ರಾಕಿನ ಹಾಗೆ ಉಬ್ಬಿ ನಿಲ್ಲುತ್ತೆ. ಹಳೆಯ ಕರ್ಚೀಫು, ಒಗೆದೂ ಒಗೆದೂ ಮೆತ್ತಗಾದದ್ದು, ಇದಕ್ಕೆ ಬಲು ಒಳ್ಳೆಯದು. ಥರ್ಮೋಕೋಲ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ನೆರಿಗೆ ಹಿಡಿದು ಗುಂಡುಪಿನ್ ಚುಚ್ಚಿ, ನೀರು ಬೆರೆಸಿದ ಬಿಳಿ ಗಮ್ಮನ್ನು ಬ್ರಷ್ಷಿನಲ್ಲಿ ಸವರಿ ರಾತ್ರಿ ಬಿಟ್ಟರೆ, ಬೆಳಿಗ್ಗೆ ನೆರಿಗೆ ಹಿಡಿದಲ್ಲೇ ನಿಂತಿರುತ್ತೆ. ಗಮ್ ಜಾಸ್ತಿಯಾದರೆ ಮಾತ್ರ ತಗಡಿನ ಕರ್ಟನ್.

ಹೊಳಪಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಪ್ಲಾಸ್ಟಿಕ್ ಹೊಳಪೇ ಎಲ್ಲವನ್ನೂ ಆಟಿಕೆ ಅಂತ ಸಾರಿ ಹೇಳುವುದು. ಅದರ ಮೇಲೆ ಮಂಕು ಬಣ್ಣ ಎರಡು ಸಲ ಹಚ್ಚಿ, ಅಂಚುಗಳಲ್ಲಿ ಸ್ವಲ್ಪ ಕಂದು ಬಣ್ಣದ ನೀರು ಓಡಿಸಿ ಒರೆಸಿ. ಕೈ ತಾಗುವ ಕಡೆ ಬಣ್ಣ ಮಾಸಿರಬೇಕು. ಬಾಗಿಲ ಹಿಡಿಕೆಯ ಸುತ್ತ, ಕುರ್ಚಿಯ ತೋಳಿನ ತುದಿ, ಸ್ವಿಚ್ಚಿನ ಪಕ್ಕ. ಮುಗೀತು.

ಈಗ ನನ್ನ ಅವಾಂತರದ ಕಥೆ.

ಮಲಗುವ ಕೋಣೆಗೆ ಒಂದು ಕನ್ನಡಿ ಬೇಕಿತ್ತು. ಹಳೆಯ ಪೌಡರ್ ಡಬ್ಬಿಯ ಕನ್ನಡಿಯನ್ನು ಬಿಡಿಸಿದೆ. ಚೌಕಟ್ಟಿಗೆ ಬೆಂಕಿಕಡ್ಡಿ, ಮೂಲೆಗಳಲ್ಲಿ 45 ಡಿಗ್ರಿ ಕೋನಕ್ಕೆ ಕತ್ತರಿಸಿ ಕೂರಿಸಿದ್ದು. ಮೂರು ಸಂಜೆಯ ಕೆಲಸ. ಕೊನೆಗೆ ಅವಸರ ಮಾಡಿದೆ. ಬಿಳಿ ಗಮ್ ಒಣಗಲು ಯಾರು ಕಾಯುತ್ತಾರೆ ಅಂತ ಸೂಪರ್ ಗ್ಲೂ ಹಾಕಿ, ಧೂಳು ಕೂರದಿರಲಿ ಅಂತ ಒಂದು ಡಬ್ಬಿಯೊಳಗಿಟ್ಟು ಮುಚ್ಚಳ ಬಿಗಿದು ಮಲಗಿದೆ. ಬೆಳಿಗ್ಗೆ ತೆಗೆದರೆ ಕನ್ನಡಿಗೆ ಮಂಜು ಹಿಡಿದ ಹಾಗೆ ಬಿಳಿ ಪೊರೆ. ಮಧ್ಯದಲ್ಲಿ, ಗೆರೆ ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿ, ನನ್ನ ಹೆಬ್ಬೆಟ್ಟಿನ ಗುರುತು! ಒರೆಸಿದೆ, ಉಜ್ಜಿದೆ, ಏನೂ ಪ್ರಯೋಜನ ಇಲ್ಲ. ಆ ಕೋಣೆಯ ಲೆಕ್ಕದಲ್ಲಿ ಅದು ಕಾಲು ಮೀಟರ್ ಉದ್ದದ ಹೆಬ್ಬೆಟ್ಟು. ರಾಕ್ಷಸ ಬಂದು ಕನ್ನಡಿ ಮುಟ್ಟಿ ಹೋದ ಹಾಗಿತ್ತು.

ಆಮೇಲೆ ಓದಿ ತಿಳಿದುಕೊಂಡೆ. ಸೂಪರ್ ಗ್ಲೂ ಒಣಗುವಾಗ ಆವಿ ಬರುತ್ತದೆ. ಗಾಳಿ ಆಡದ ಕಡೆ ಅದು ಅಲ್ಲೇ ಸುತ್ತಿ, ಹತ್ತಿರದ ಹೊಳಪು ಮೈ ಮೇಲೆ ಬಿಳಿಯಾಗಿ ಕೂರುತ್ತದೆ. ಬೆರಳಿನ ಬೆವರು, ಜಿಡ್ಡು ಇದ್ದ ಗೆರೆಗಳ ಮೇಲಂತೂ ಇನ್ನೂ ಚೆನ್ನಾಗಿ ಕೂರುತ್ತದೆ. ಅಪರಾಧ ನಡೆದ ಜಾಗದ ವಸ್ತುಗಳ ಮೇಲೆ ಕಾಣದ ಬೆರಳಚ್ಚು ಎಬ್ಬಿಸಲು ಪೊಲೀಸರು ಬಳಸುವುದೂ ಇದೇ ಉಪಾಯವನ್ನು. ಮುಚ್ಚಿದ ಪೆಟ್ಟಿಗೆಯಲ್ಲಿ ವಸ್ತು ಇಟ್ಟು, ಸೂಪರ್ ಗ್ಲೂ ಆವಿ ಬಿಡುತ್ತಾರೆ. ನಾನು ಗೊತ್ತಿಲ್ಲದೆ ನನ್ನ ಮೇಲೇ ತನಿಖೆ ಮಾಡಿಕೊಂಡಿದ್ದೆ.

ಪೊಲೀಸರ ಮಾತು ಬಂತಲ್ಲ, ಗೊಂಬೆ ಮನೆಗೂ ಪೊಲೀಸರಿಗೂ ನಿಜವಾಗಿಯೂ ಒಂದು ನಂಟಿದೆ. ಅಮೆರಿಕದಲ್ಲಿ ಫ್ರಾನ್ಸಿಸ್ ಗ್ಲೆಸ್ನರ್ ಲೀ ಅಂತ ಒಬ್ಬರಿದ್ದರು. 1940ರ ದಶಕದಲ್ಲಿ ಅವರು 1:12 ಅಳತೆಯಲ್ಲೇ ಪುಟ್ಟ ಪುಟ್ಟ ಕೋಣೆಗಳನ್ನು ಮಾಡಿಸಿದರು. ಪ್ರತಿ ಕೋಣೆಯಲ್ಲೂ ಒಂದು ಸಾವು. ಕೊಲೆಯೋ, ಆತ್ಮಹತ್ಯೆಯೋ, ಅಪಘಾತವೋ ಅಂತ ಪತ್ತೇದಾರರು ನೋಡಿ ಕಲಿಯಲಿ ಅಂತ. ಅದರೊಳಗಿನ ಗೊಂಬೆಗಳ ಕಾಲುಚೀಲವನ್ನು ಆಕೆ ಗುಂಡುಪಿನ್ ಹಿಡಿದು ಹೆಣೆಯುತ್ತಿದ್ದರಂತೆ. ಶ್ರೀಮಂತ ಮನೆತನದ ಹೆಂಗಸು, ದುಡ್ಡಿಗೇನೂ ಕೊರತೆ ಇರಲಿಲ್ಲ. ಆದರೂ ಆಕೆ ಮಾಡಿಸಿದ್ದು ಅರಮನೆಗಳನ್ನಲ್ಲ. ಹೆಚ್ಚಿನವು ಸಾಧಾರಣ ಜನರ ಅಡುಗೆಮನೆ, ಮಲಗುವ ಕೋಣೆ. ಆ ಕೋಣೆಗಳ ಫೋಟೋ ನೋಡಿದಾಗಲೆಲ್ಲ ನನಗೆ ಹೆಣಕ್ಕಿಂತ ಮೊದಲು ಕಾಣುವುದು ಸುಕ್ಕಾದ ಹಾಸಿಗೆ, ಚೆಲ್ಲಾಪಿಲ್ಲಿ ಸಾಮಾನು. ಇಲ್ಲಿ ಯಾರೋ ಬದುಕಿದ್ದರು ಅಂತ ಅದೇ ಹೇಳುವುದು.

ಇದಕ್ಕೆ ಪೂರ್ತಿ ಉಲ್ಟಾ ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿರುವ ರಾಣಿ ಮೇರಿಯ ಗೊಂಬೆ ಮನೆ. 1921ರಿಂದ 1924ರವರೆಗೆ ಕಟ್ಟಿದ್ದು, ವಿನ್ಯಾಸ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ಅವರದ್ದು. ಕರೆಂಟು ದೀಪ, ನಲ್ಲಿಯಲ್ಲಿ ನೀರು, ಲಿಫ್ಟು, ಫ್ಲಶ್ ಆಗುವ ಟಾಯ್ಲೆಟ್ಟು, ಎಲ್ಲಾ ಇದೆ. ಕೈ ಮುಗಿಯುವಂಥ ಕೆಲಸ, ಎರಡು ಮಾತಿಲ್ಲ. ಆದರೆ ಆ ಮನೆಯಲ್ಲಿ ಯಾರೂ ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟಂತೆ ಕಾಣಲ್ಲ. ಇನ್ನು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಪೆಟ್ರೊನೆಲ್ಲಾ ಓರ್ಟ್‌ಮನ್ ಎಂಬಾಕೆ 17ನೇ ಶತಮಾನದ ಕೊನೆಯಲ್ಲಿ ಶುರು ಮಾಡಿದ ಗೊಂಬೆ ಮನೆಯಿದೆ. ಅದಕ್ಕೆ ಸುರಿದ ದುಡ್ಡಲ್ಲಿ ಅದೇ ಊರಿನ ಕಾಲುವೆ ಪಕ್ಕ ನಿಜವಾದ ಮನೆಯೇ ಕೊಳ್ಳಬಹುದಿತ್ತಂತೆ. ಇದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆವತ್ತಿಂದ ನನ್ನ ಗುಂಡಿ, ರಿಬ್ಬನ್ನಿನ ಖರ್ಚಿನ ಬಗ್ಗೆ ಗೊಣಗಾಟ ಕಮ್ಮಿಯಾಗಿದೆ.

ದೀಪದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಗ್ಗದ ಅಂಗಡಿಯ ಸೀರಿಯಲ್ ಲೈಟಿನ ಬಿಳಿ ಎಲ್‌ಇಡಿ ಹಾಕಿದರೆ ಮನೆ ಆಸ್ಪತ್ರೆ ವಾರ್ಡಿನ ಹಾಗೆ ಕಾಣುತ್ತೆ. ಬಲ್ಬಿನ ಮೇಲೆ ಹಳದಿ ಗ್ಲಾಸ್ ಪೇಂಟ್ ತೆಳ್ಳಗೆ ಹಚ್ಚಿ, ಸಂಜೆ ಆದ ಹಾಗಿರುತ್ತೆ. ಮತ್ತೆ ಅದರ ಗುಂಡಿ ಆಕಾರದ ಬ್ಯಾಟರಿ ಇದೆಯಲ್ಲ, ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದು ಸ್ಕ್ರೂ ಹಾಕಿದ ಡಬ್ಬಿಯೊಳಗೇ ಇರಲಿ. ಮಗು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಮಣಿ, ಗುಂಡಿಗಳೂ ಅಷ್ಟೇ, ಎಟುಕದ ಕಡೆ ಇಡಿ. ಇದರಲ್ಲಿ ತಮಾಷೆ ಬೇಡ.

ಕಳೆದ ವಾರ ಅಕ್ಕನ ಮಗಳು ಬಂದಿದ್ದಳು. ಏಳು ವರ್ಷ. ಗೊಂಬೆ ಮನೆ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತು, ಒಂದೊಂದು ಕೋಣೆಯನ್ನೂ ತಪಾಸಣೆ ಮಾಡಿದಳು. ನಾನು ಹೊಗಳಿಕೆ ಬರುತ್ತೆ ಅಂತ ಪಕ್ಕದಲ್ಲೇ ನಿಂತಿದ್ದೆ.

"ಚಿಕ್ಕಮ್ಮ, ಇವ್ರ ಕಸದ ಬುಟ್ಟಿ ಎಲ್ಲಿ?"

ಇರಲಿಲ್ಲ. ಮಾಸಿದ ಬಣ್ಣ, ಗಿಡ್ಡ ಕರ್ಟನ್, ಖಾಲಿ ಮೊಳೆ ಎಲ್ಲಾ ಇದ್ದ ಮನೆಯಲ್ಲಿ ಕಸದ ಬುಟ್ಟಿಯೇ ಇರಲಿಲ್ಲ. ಗೆಳತಿಗೆ ಅಷ್ಟು ದೊಡ್ಡ ಮಾತು ಹೇಳಿದವಳು ನಾನು!

ಆಗಲೇ ಇಬ್ಬರೂ ಕೂತೆವು. ಟೂತ್‌ಪೇಸ್ಟಿನ ಮುಚ್ಚಳ, ಎತ್ತರ ಎರಡೂವರೆ ಸೆಂ.ಮೀ., ಅಂದರೆ ಆ ಮನೆಯಲ್ಲಿ ಒಂದಡಿ. ಸರಿಯಾದ ಅಳತೆ. ಹೊರಗೆ ಸೆಣಬಿನ ದಾರ ಸುತ್ತಿ ಅಂಟಿಸಿದೆವು. ಸೆಣಬಿನ ನಾರು ಎಲ್ಲಾ ಕಡೆ ಎದ್ದು ಗಡ್ಡದ ಹಾಗೆ ಕಾಣುತ್ತಿತ್ತು, ಅವಳೇ ಉಗುರು ಕತ್ತರಿಯಲ್ಲಿ ಕ್ಷೌರ ಮಾಡಿದಳು. ಒಳಗೆ ಹಾಕಲು ಕಸ ಹುಡುಕಬೇಕಾಗಲಿಲ್ಲ. ಮೇಜಿನ ಮೇಲೇ ಬಿದ್ದಿತ್ತು. ಬೆಂಕಿಕಡ್ಡಿಯ ಚೂರು, ದಾರದ ತುದಿ, ಪೆನ್ಸಿಲ್ ಹೆರೆದ ಸಿಪ್ಪೆ, ಗೋಡೆಗೆ ಹಚ್ಚಿ ಉಳಿದ ಕಾಗದದ ಉಂಡೆ. ಇಕ್ಕುಳದಲ್ಲಿ ಒಂದೊಂದೇ ತುಂಬಿದಳು. ಕೊನೆಯ ಕಾಗದದ ಉಂಡೆ ಜಾರಿ ಬುಟ್ಟಿಯ ಪಕ್ಕ ನೆಲಕ್ಕೆ ಬಿತ್ತು. ನಾನು ಎತ್ತಿ ಹಾಕಲು ಹೋದೆ. ಅವಳು ನನ್ನ ಕೈ ಹಿಡಿದಳು.

"ಬೇಡ ಚಿಕ್ಕಮ್ಮ, ಅದು ಅಲ್ಲೇ ಇರ್ಲಿ. ಈ ಮನೇಲೂ ಒಬ್ರು ಅಪ್ಪ ಇರ್ತಾರಲ್ವಾ? ದೂರದಿಂದ ಎಸ್ದಿದಾರೆ."

ಒಂದು ಹನಿ ಬಿಳಿ ಗಮ್ ಹಾಕಿ ಅದನ್ನು ಅಲ್ಲೇ ಅಂಟಿಸಿದೆವು. ಸೂಪರ್ ಗ್ಲೂ ಮುಟ್ಟಲಿಲ್ಲ.