ತುಂಗೆ ನೀರಿಗೂ ಆರ್‌ಒ ಬೇಕಾ?

ಹೋದ ಬೇಸಿಗೆಯಲ್ಲಿ ನಾನಿಲ್ಲದ ಹೊತ್ತಿಗೆ ಶಿವಮೊಗ್ಗದ ನಮ್ಮ ಮನೆಗೆ ಆರ್‌ಒ ಫಿಲ್ಟರ್, ಅಂದರೆ ನೀರಿನ ಲವಣವನ್ನೂ ಸೋಸಿ ತೆಗೆಯುವ ಮಿಷನ್, ಮಾರುವ ಹುಡುಗ ಬಂದಿದ್ದನಂತೆ. ಅಮ್ಮನ ಹತ್ತಿರ ಎರಡು ಗಾಜಿನ ಲೋಟ ಕೇಳಿದ. ಒಂದಕ್ಕೆ ನಮ್ಮ ನಲ್ಲಿಯಲ್ಲಿ ಬರುವ ತುಂಗೆ ನೀರು, ಇನ್ನೊಂದಕ್ಕೆ ತಾನು ತಂದ ಬಾಟಲಿ ನೀರು. ಎರಡಕ್ಕೂ ಕರೆಂಟಿನ ಕಡ್ಡಿ ಇಳಿಬಿಟ್ಟು ಸ್ವಿಚ್ ಹಾಕಿದ. ಸ್ವಲ್ಪ ಹೊತ್ತಿಗೆ ನಮ್ಮ ಲೋಟದಲ್ಲಿ ಕಂದು ಬಣ್ಣದ ಗಸಿ. ಅವನ ಲೋಟ ತಿಳಿಯಾಗೇ ಇತ್ತು.

"ಅಮ್ಮಾ, ನೀವು ದಿನಾ ಕುಡೀತಿರೋದು ಇದನ್ನೇ."

"ಗಂಗಾ ಸ್ನಾನ, ತುಂಗಾ ಪಾನ ಅಂತಾರಲ್ಲೋ ಮಾರಾಯ?"

"ಅದೆಲ್ಲ ಆಗಿನ ಕಾಲಕ್ಕೆ ಅಮ್ಮಾ."

ನಾನು ಬರುವಷ್ಟರಲ್ಲಿ ಅಡ್ವಾನ್ಸ್ ಕೊಟ್ಟಾಗಿತ್ತು.

ಆ ಕಂದು ಬಣ್ಣ ನೀರಿನದ್ದಲ್ಲ, ಕಡ್ಡಿಯದ್ದು. ನೀರಿನಲ್ಲಿ ಒಂದಿಷ್ಟು ಲವಣ ಇದ್ದರೆ ಕರೆಂಟು ಹರಿಯುತ್ತದೆ. ಆಗ ಕಬ್ಬಿಣದ ಕಡ್ಡಿ ಸವೆದು ತುಕ್ಕು ಇಳಿಯುತ್ತದೆ. ಅವನ ಬಾಟಲಿಯಲ್ಲಿ ಲವಣವೇ ಇರಲಿಲ್ಲ, ಹಾಗಾಗಿ ಏನೂ ಆಗಲಿಲ್ಲ. ಅದಕ್ಕೊಂದು ಚಿಟಿಕೆ ಉಪ್ಪು ಹಾಕಿದ್ದರೆ ನಮ್ಮ ಲೋಟಕ್ಕಿಂತ ಕೆಟ್ಟದಾಗಿ ಕಾಣುತ್ತಿತ್ತು. ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರನ್ನು ಎಳನೀರಿಗೆ ಅದ್ದಿ ನೋಡಿ, ಸಾವಿರಗಟ್ಟಲೆ ತೋರಿಸುತ್ತದೆ. ಎಳನೀರು ಕುಡಿಯೋದು ಬಿಡ್ತೀವಾ?

ಊರಲ್ಲಿ ಈಗ ಎಲ್ಲದಕ್ಕೂ 'ಗಡಸು ನೀರು' ಅನ್ನೋದೊಂದು ಅಭ್ಯಾಸ ಆಗಿದೆ. ಕೂದಲು ಉದುರಿದರೆ ಗಡಸು ನೀರು, ಚರ್ಮ ಒಣಗಿದರೆ ಗಡಸು ನೀರು. ಗಡಸು ಅಂದರೆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರೋದು, ಅಷ್ಟೇ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಇಟ್ಟಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 600ರವರೆಗೂ ನಡೆಯುತ್ತದೆ. ತುಂಗೆ ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ತೀರ್ಥಹಳ್ಳಿ ದಾಟಿ ಗಾಜನೂರಿನ ಅಣೆಕಟ್ಟಿಗೆ ಬರುವ ಮಳೆನೀರು. ದಾರಿಯಲ್ಲಿ ಸಿಗೋದು ಕಗ್ಗಲ್ಲು, ಕೆಮ್ಮಣ್ಣು. ಅಲ್ಲಿ ಸುಣ್ಣ ಎಲ್ಲಿಂದ ಬರಬೇಕು?

ನೀರು ಗಡಸೋ ಮೆದುವೋ ಅಂತ ತಿಳಿಯೋಕೆ ಮೀಟರೂ ಬೇಡ. ಚಿತ್ರದುರ್ಗದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಬೋರ್‌ವೆಲ್ ನೀರು. ಅಲ್ಲಿ ಎಷ್ಟು ಸೋಪು ಉಜ್ಜಿದರೂ ನೊರೆ ಬರಲ್ಲ, ತೊಗರಿಬೇಳೆ ಎಷ್ಟು ಕೂಗಿಸಿದರೂ ಕಾಳು ಕಾಳೇ. ಗೀಸರ್ ಕಾಯಿಲ್ ತೆಗೆದರೆ ಗೋಡೆಗೆ ಸುಣ್ಣ ಬಳಿದ ಹಾಗೆ ಪದರ. ಅದೇ ಅಕ್ಕ ಇಲ್ಲಿಗೆ ಬಂದರೆ ಬಚ್ಚಲಿಂದಲೇ ಕೂಗುತ್ತಾಳೆ: "ಎಷ್ಟು ನೀರು ಹುಯ್ಕೊಂಡ್ರೂ ಸೋಪು ಹೋಗ್ತಾನೇ ಇಲ್ವಲ್ಲೇ ಅಮ್ಮಾ!" ಮೆದು ನೀರಿನ ಗುಣವೇ ಅದು.

ಹಾಗಂತ ಶಿವಮೊಗ್ಗದಲ್ಲಿ ಯಾರ ಮನೆಯಲ್ಲೂ ಗಡಸು ನೀರಿಲ್ಲ ಅಂತಲ್ಲ. ಹೊಸ ಬಡಾವಣೆಗಳಲ್ಲಿ ಬೋರ್‌ವೆಲ್ಲೇ ಗತಿ ಅನ್ನುವವರಿದ್ದಾರೆ. ನಮ್ಮಂಥವರು ಏಪ್ರಿಲ್, ಮೇನಲ್ಲಿ ನಲ್ಲಿ ನೀರು ಸಾಲದೆ ಅದೇ ಸಂಪಿಗೆ ಬೋರ್ ನೀರನ್ನೂ ಬಿಟ್ಟು, ಆಮೇಲೆ ತುಂಗೆಯನ್ನು ಬೈಯುತ್ತೇವೆ. ಇನ್ನು ಹೊಸನಗರದ ಕಡೆ ನಮ್ಮ ಅತ್ತೆ ಮನೆ ಬೋರ್‌ನದ್ದು ಬೇರೆಯೇ ಕಥೆ. ಅಲ್ಲಿ ಕಬ್ಬಿಣದ ಅಂಶ. ಬಿಳಿ ಪಂಚೆ ನಾಲ್ಕು ಸಲ ಒಗೆದರೆ ಕಾವಿ ಆಗುತ್ತದೆ! ಅದಕ್ಕೆ ಬೇಕಾದ್ದು ಕಬ್ಬಿಣ ಸೋಸುವ ಫಿಲ್ಟರ್.

ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಟಿಡಿಎಸ್ ಮೀಟರ್‌ಗೆ ರೋಗಾಣು ಕಾಣಲ್ಲ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನಮ್ಮ ಬೀದಿಯ ನಲ್ಲಿಗಳಲ್ಲಿ ಹಳದಿ ನೀರು ಬಂತು, ವಾಸನೆ ಬೇರೆ. ಮೂರು ಮನೆಯಲ್ಲಿ ಮಕ್ಕಳಿಗೆ ವಾಂತಿ ಭೇದಿ. ಅಗೆದು ನೋಡಿದರೆ ಚರಂಡಿ ಅಡಿಯಲ್ಲಿ ಹೋಗುವ ಪೈಪಿನ ಜಾಯಿಂಟ್ ಬಿಟ್ಟಿತ್ತು. ನೀರು ಬಿಡದ ಹೊತ್ತಿನಲ್ಲಿ ಪೈಪು ಖಾಲಿ ಇರುತ್ತದಲ್ಲ, ಆಗ ಸುತ್ತಲಿನ ಕೊಚ್ಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ದಿನ ಮೀಟರ್ ಇಟ್ಟಿದ್ದರೂ 'ಒಳ್ಳೇ ನೀರು' ಅಂತಲೇ ತೋರಿಸುತ್ತಿತ್ತೇನೋ. ಇಂಥದ್ದಕ್ಕೆ ಎಚ್‌ಟುಎಸ್ ಬಾಟಲಿ ಅಂತ ಒಂದು ಸರಳ ಪರೀಕ್ಷೆ ಇದೆ. ನೀರು ತುಂಬಿಸಿ ಒಂದೆರಡು ದಿನ ಇಡಬೇಕು, ಕಪ್ಪಾದರೆ ಕೊಳಕು ಸೇರಿರುವ ಅನುಮಾನ. ಹಳ್ಳಿಗಳಲ್ಲಿ ಇದನ್ನು ಬಳಸುತ್ತಾರೆ. ಸಿಟಿಯವರು ನಾವು ಮೀಟರ್ ಹಿಡಿದು ಕೂತಿದ್ದೇವೆ.

ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಆ ಗಲಾಟೆ ಆದಮೇಲೆ ಸಂಪ್ ಮುಚ್ಚಳ ತೆಗೆಸಿದೆ. ನಾಲ್ಕು ವರ್ಷ ತೊಳೆದಿರಲಿಲ್ಲ. ಅಡಿಯಲ್ಲಿ ಬೆರಳುದ್ದ ಕೆಸರು, ಒಂದು ಸತ್ತ ಹಲ್ಲಿ. ಮಂಡ್ಲಿಯ ನೀರು ಶುದ್ಧೀಕರಣ ಘಟಕದಲ್ಲಿ ಆಲಂ (ಪಟಿಕ) ಹಾಕಿ, ಸೋಸಿ, ಕ್ಲೋರಿನ್ ಹಾಕಿ ಕಳಿಸಿದ ನೀರನ್ನು ನಾನೇ ತಂದು ಹಲ್ಲಿ ಕಷಾಯ ಮಾಡಿಟ್ಟಿದ್ದೆ. ಫಿಲ್ಟರ್ ಹುಡುಗ ಸಂಪ್ ಬಗ್ಗೆ ಒಂದು ಮಾತೂ ಕೇಳಲಿಲ್ಲ ಅಂತ ಅಮ್ಮ ಹೇಳಿದರು. ಅವನು ಯಾಕೆ ಕೇಳ್ತಾನೆ?

ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಮಿಷನ್ ಹಾಕಿದ ದಿನ ನಮ್ಮ ನಲ್ಲಿ ನೀರು ತೋರಿಸಿದ್ದು 68. ಸೋಸಿದ ಮೇಲೆ 11. ಒಂದು ಲೀಟರಿಗೆ ಸುಮಾರು ಮೂರು ಲೀಟರ್ ವೇಸ್ಟ್ ಪೈಪಿನಲ್ಲಿ ಹೋಗುತ್ತದೆ. ಕುತೂಹಲಕ್ಕೆ ಆ ವೇಸ್ಟ್ ನೀರಿಗೂ ಮೀಟರ್ ಅದ್ದಿದೆ: 87. ಅಕ್ಕನ ಮನೆಯಲ್ಲಿ ಕುಡಿಯುವ ನೀರೇ 900 ಚಿಲ್ಲರೆ.

ಮಿಷನ್ ಇನ್ನೂ ಗೋಡೆ ಮೇಲಿದೆ, ಆಫ್ ಆಗಿದೆ. ನಲ್ಲಿ ನೀರನ್ನೇ ಕುದಿಸಿ ಆರಿಸಿ ಕುಡೀತೀವಿ. ಆಫ್ ಮಾಡುವವರೆಗೂ ಅಮ್ಮ ಆ ವೇಸ್ಟ್ ನೀರನ್ನು ಬಕೆಟ್‌ನಲ್ಲಿ ಹಿಡಿದು ಪಾತ್ರೆ ತೊಳೆಯುತ್ತಿದ್ದರು. ನೊರೆ ಚೆನ್ನಾಗೇ ಬರ್ತಿತ್ತಂತೆ.