ಕಾಲು ನೋಯುವ ದಿನ ಗಿರಿ ಹತ್ತಬೇಡಿ, ಸೈಕಲ್ ಮಾತ್ರ ಬಿಡಬೇಡಿ

ಚಳಿಗಾಲ ಬಂತೆಂದರೆ ನಮ್ಮ ಚಿಕ್ಕಮಗಳೂರಿನ ಸೈಕಲ್ ಸವಾರರ ನಡುವೆ ಹಳೆಯ ವಾದವೊಂದು ಮತ್ತೆ ತಲೆ ಎತ್ತುತ್ತದೆ. ತೊಡೆ, ಮೀನಖಂಡ ಹಿಡಿದುಕೊಂಡ ದಿನ ಸೈಕಲ್ ತುಳಿಯಬೇಕೋ, ಹೊದ್ದು ಮಲಗಬೇಕೋ? “ನೋವು ಬಂದರೆ ತಾನೇ ಬಲ ಬರುವುದು, ಗಿರಿ ದಾರಿಯ ಕೈಮರದ ಏರು ಹತ್ತು, ಎಲ್ಲ ಸಡಿಲವಾಗುತ್ತದೆ” ಎನ್ನುವವರು ಒಂದು ಕಡೆ. ನೋವು ಪೂರ್ತಿ ಹೋಗುವವರೆಗೆ ಸೈಕಲ್ ಮುಟ್ಟಲೇಬೇಡ ಎನ್ನುವವರು ಇನ್ನೊಂದು ಕಡೆ. ಎರಡನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದಂತೂ ಹುಡುಗರ ಮಂಡಿ ಹಾಳು ಮಾಡುವ ಮಾತು.

ಈ ನೋವು ಬರುವುದಾದರೂ ಎಲ್ಲಿಂದ? ಹೆಚ್ಚಿನ ಸಲ ಸೈಕಲ್ಲಿನಿಂದಲ್ಲ. ಮಳೆ ನಿಂತು ದಾರಿ ಒಣಗಿದ ಕೂಡಲೇ ನಮ್ಮವರಿಗೆ ಎಲ್ಲವನ್ನೂ ಒಟ್ಟಿಗೆ ಶುರು ಮಾಡುವ ಉತ್ಸಾಹ. ಜಿಮ್‌ನಲ್ಲಿ ಭಾರ ಹೊತ್ತು ಬಸ್ಕಿ, ಬೆಳಿಗ್ಗೆ ಓಟ, ಶನಿವಾರ ಸರ್ಪದಾರಿ ಎಂಬ ಕಾಲುದಾರಿಯಲ್ಲಿ ಮುಳ್ಳಯ್ಯನಗಿರಿ. ಹತ್ತುವಾಗ ಏದುಸಿರು ಬಂದರೂ ತೊಡೆಗೆ ಏಟು ಬೀಳುವುದು ಇಳಿಯುವಾಗ. ಇಳಿಯುವ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದು ಹಿಡಿಯುತ್ತಲೇ ಉದ್ದವಾಗುತ್ತದೆ. ಹೀಗೆ ಎಳೆತಕ್ಕೆ ಸಿಕ್ಕಿದ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಾನಿಯಾಗುತ್ತದೆ, ಬಳಿಕ ಉರಿಯೂತ ಶುರುವಾಗುತ್ತದೆ. ಅದಕ್ಕೇ ನೋವು ಅಂದೇ ಕಾಣಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ಜೋರಾಗುತ್ತದೆ. ಶನಿವಾರ ಗಿರಿ ಇಳಿದವರು ಸೋಮವಾರ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುವುದು ಇದರಿಂದ. ಲ್ಯಾಕ್ಟಿಕ್ ಆಮ್ಲ ಕಾಲಿನಲ್ಲಿ ಉಳಿದುಕೊಂಡಿದೆ ಎಂದು ಈಗಲೂ ಹೇಳುವವರಿದ್ದಾರೆ. ವ್ಯಾಯಾಮ ಮುಗಿದ ಒಂದೆರಡು ಗಂಟೆಯಲ್ಲಿ ಅದು ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಎರಡು ದಿನದ ನಂತರದ ನೋವಿಗೆ ಅದನ್ನು ದೂರುವುದರಲ್ಲಿ ಅರ್ಥವಿಲ್ಲ.

ಪೆಡಲ್ ಒತ್ತುವಾಗ ನಡೆಯುವುದು ಇದರ ತಿರುವುಮುರುವು. ಅಲ್ಲಿ ತೊಡೆಯ ಸ್ನಾಯು ಕುಗ್ಗುತ್ತಾ ಬಲ ಕೊಡುತ್ತದೆ. ಮೈಭಾರವನ್ನು ಸೀಟು ಹೊತ್ತಿರುತ್ತದೆ, ಪಾದಕ್ಕೆ ನೆಲದ ಹೊಡೆತವಿಲ್ಲ. ಹಾಗಾಗಿ ನೋಯುವ ಕಾಲನ್ನು ಆಡಿಸಲು ಸೈಕಲ್ಲಿಗಿಂತ ಒಳ್ಳೆಯ ಸಾಧನ ನನಗೆ ಕಾಣುವುದಿಲ್ಲ. ರಕ್ತ ಸಂಚಾರ ಹೆಚ್ಚಿ, ಬಿಗಿತ ಸಡಿಲಗೊಂಡು, ಸ್ವಲ್ಪ ಹೊತ್ತಾದರೂ ನೋವು ತಗ್ಗುತ್ತದೆ. ಗಾಯ ಬೇಗ ಮಾಯುತ್ತದೆ ಎಂದು ನಾನು ಹೇಳುವುದಿಲ್ಲ. ಅದಕ್ಕೆ ನಿದ್ದೆ ಬೇಕು, ಹೊಟ್ಟೆ ತುಂಬ ಊಟ ಬೇಕು, ಊಟದಲ್ಲಿ ಕಾಳೋ ಮೊಟ್ಟೆಯೋ ಇರಬೇಕು, ದಿನಗಳು ಕಳೆಯಬೇಕು.

ನೋವೇ ಬಲದ ಲಕ್ಷಣ ಎನ್ನುವವರು ಒಮ್ಮೆ ಕೊಯ್ಲಿನ ಹೊತ್ತಿನಲ್ಲಿ ಕಾಫಿ ತೋಟಕ್ಕೆ ಹೋಗಿ ನೋಡಬೇಕು. ಅರೇಬಿಕಾ ಹಣ್ಣಾದ ಮೊದಲ ದಿನಗಳಲ್ಲಿ, ತುಂಬಿದ ಚೀಲ ಹೊತ್ತು ತೋಟದ ಇಳಿಜಾರು ಇಳಿದವರು ಮರುದಿನ ತೊಡೆ ಹಿಡಿದುಕೊಂಡೇ ಕೆಲಸಕ್ಕೆ ಬರುತ್ತಾರೆ. ಕೆಲವು ದಿನ ಕಳೆದರೆ ಅದೇ ಇಳಿಜಾರು, ಅದೇ ಭಾರ, ನೋವು ಮಾತ್ರ ಇಲ್ಲ. ಒಮ್ಮೆ ಪೆಟ್ಟು ತಿಂದು ಸುಧಾರಿಸಿಕೊಂಡ ಸ್ನಾಯು ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ನೋವು ನಿಂತಿತೆಂದು ಅವರ ಬಲ ಕುಗ್ಗಿತೇ? ಹೆಚ್ಚಿದೆ! ಹಾಗಿರುವಾಗ ಪ್ರತಿ ವಾರ ಕಾಲು ನೋಯಲೇಬೇಕು ಎಂದು ಹಟ ಹಿಡಿಯುವುದು ಯಾವ ಲೆಕ್ಕ?

ನೋವಿರುವ ದಿನದ ಸವಾರಿ ಎಂದರೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ಹಗುರ ಗೇರಿನಲ್ಲಿ, ಪಕ್ಕದವರ ಜೊತೆ ಮಾತಾಡುತ್ತಾ ಹೋಗಲು ಆಗುವಷ್ಟು ನಿಧಾನ. ಗಿರಿ ಅಂದು ಬೇಡವೇ ಬೇಡ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಊರಿನಿಂದ 800 ಮೀಟರಿಗೂ ಹೆಚ್ಚು ಏರು. ಹಿಡಿದುಕೊಂಡ ತೊಡೆ ತನ್ನ ಕೆಲಸ ಸರಿಯಾಗಿ ಮಾಡದಾಗ ನಮಗೆ ಗೊತ್ತಿಲ್ಲದೆ ಸೊಂಟ ತಿರುಚಿ, ಮಂಡಿ ಒಳಕ್ಕೆ ವಾಲಿಸಿ ತುಳಿಯುತ್ತೇವೆ. ನೋವು ಮಂಡಿಗೆ ಇಳಿಯುವುದು ಆಗಲೇ. ಕಡೂರು ರಸ್ತೆ ಸಮತಟ್ಟು ಎಂದು ನಂಬಿ ಅತ್ತ ತಿರುಗುವವರಿಗೂ ಒಂದು ಮಾತು: ಕಡೂರು ನಮ್ಮ ಊರಿಗಿಂತ ತಗ್ಗಿನಲ್ಲಿದೆ. ಹೋಗುವಾಗ ಸಲೀಸಾಗಿ ಉರುಳುವ ಚಕ್ರ ಬರುವಾಗ ಕಾಲಿನ ಸತ್ವ ಹೀರುತ್ತದೆ. ಖುಷಿಯಲ್ಲಿ ಸಖರಾಯಪಟ್ಟಣದವರೆಗೆ ಹೋಗಿಬಿಡಬೇಡಿ, ಬೇಗ ತಿರುಗಿ.

ಚಳಿಯದ್ದೇ ಬೇರೆ ಕಥೆ. ಮಂಜಿನಲ್ಲಿ ಹೊರಟ ಮೊದಲ ಕಾಲು ಗಂಟೆ ಮೈ ಬೆಚ್ಚಗಾಗಲೆಂದೇ ಮೀಸಲು. ಮಂಡಿ ಮುಚ್ಚುವಂಥ ಬಟ್ಟೆ ಹಾಕಿಕೊಳ್ಳಿ. ಬಾಯಾರಿಕೆ ಕಾಣದಿದ್ದರೂ ನೀರು ಕುಡಿಯಿರಿ. ಮನೆಗೆ ಬಂದ ಮೇಲೆ ಹಂಡೆಯ ಬಿಸಿನೀರಿನ ಸ್ನಾನ ಸಿಕ್ಕರೆ ಅದಕ್ಕಿಂತ ಸುಖ ಬೇರಿಲ್ಲ.

ಇಷ್ಟು ಬರೆಯಲು ಕಾರಣ ಕೈಮರದ ಹತ್ತಿರ ಸಿಕ್ಕ ಒಬ್ಬ ಕಾಲೇಜು ಹುಡುಗ. ಸೈಕಲ್ಲಿನಿಂದ ಇಳಿಯಲು ಅದನ್ನು ಪಕ್ಕಕ್ಕೆ ಪೂರ್ತಿ ವಾಲಿಸಿ, ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಈಚೆ ತಂದುಕೊಂಡ. ಆಮೇಲೆ ಜೇಬಿನಿಂದ ನೋವಿನ ಮಾತ್ರೆ ತೆಗೆದು, “ಇದೊಂದು ನುಂಗಿದರೆ ಮೇಲಿನವರೆಗೂ ಹೋಗಬಹುದಂತೆ ಅಣ್ಣ” ಎಂದ. ಹಾಗೆಂದು ಹೇಳಿಕೊಟ್ಟವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಐಬುಪ್ರೊಫೇನ್‌ನಂಥ ಮಾತ್ರೆ ನುಂಗಿ, ನೀರು ಸಾಲದ ಮೈಯಲ್ಲಿ ಗಂಟೆಗಟ್ಟಲೆ ದುಡಿದರೆ ಹೊರೆ ಬೀಳುವುದು ಮೂತ್ರಪಿಂಡಕ್ಕೆ. ನಿಲ್ಲು ಎಂದು ಮೈ ಹೇಳುವ ಮಾತೂ ಕೇಳಿಸದಂತಾಗುತ್ತದೆ. ಅವನನ್ನು ಅಲ್ಲಿಂದಲೇ ಹಿಂದಕ್ಕೆ ಕಳುಹಿಸಿದೆ.

ಎರಡೂ ಕಾಲಿನಲ್ಲಿ ಒಂದೇ ರೀತಿ, ಮಾಂಸಖಂಡದಲ್ಲಿ ಹರಡಿಕೊಂಡಿರುವ, ಮೈ ಬಿಸಿಯಾದಂತೆ ಕಡಿಮೆಯಾಗುವ ನೋವಿಗೆ ಹೆದರಬೇಕಿಲ್ಲ. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ, ಅದರಲ್ಲೂ ಕೀಲಿನಲ್ಲಿ ಚುಚ್ಚುತ್ತಿದ್ದರೆ, ತುಳಿದಂತೆ ಹೆಚ್ಚುತ್ತಿದ್ದರೆ ಅಲ್ಲಿಗೇ ಇಳಿಯಿರಿ, ವೈದ್ಯರಿಗೆ ತೋರಿಸಿ. ಇನ್ನು ತೊಡೆ ಊದಿಕೊಂಡು, ಕಾಲು ಎತ್ತಲಾಗದಷ್ಟು ನಿತ್ರಾಣವಾಗಿ, ಮೂತ್ರ ಹಾಲಿಲ್ಲದ ಟೀ ಬಣ್ಣಕ್ಕೆ ತಿರುಗಿದ್ದರೆ, ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರುತ್ತಿರಬಹುದು. ಆಗ ಎಣ್ಣೆ ಹಚ್ಚುತ್ತಾ ಮನೆಯಲ್ಲಿ ಕೂರಬಾರದು, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.